ನಿಂತ ನೀರಿನ ರೀಡಿಂಗು

ಬೇಡ ಬೇಡ, ಆ ಕುರ್ಚಿ ಬೇಡ ಕಣಮ್ಮ, ಅದರ ಕಾಲು ಅಲ್ಲಾಡ್ತೈತೆ. ಇಲ್ಲಿ ಬಾ, ಬೆಂಚಿನ ಮೇಲೆ ಕೂತ್ಕೋ. ಹ್ಞಾ, ಹಂಗೆ... ಬ್ಯಾಗ್ ಕೆಳಗಿಡು. ಅದನ್ಯಾಕೆ ಎದೆಗವಚ್ಕೊಂಡು ಕೂತಿದೀಯ? ನಾನೇನು ಕಿತ್ಕೊಂಡು ಓಡ್ತೀನಾ, ಈ ಮಂಡಿ ಇಟ್ಕೊಂಡು?

ನಗ್ಲಿಲ್ಲ ನೀನು. ಮೊದಲ ಸಲ ಕ್ಯಾಂಪಲ್ಲಿ ಸಿಕ್ಕಾಗ ನಾನು ಕೆಮ್ಮಿದ್ರೂ ನಗ್ತಿದ್ದೆ. ನಮ್ಮ ಜಯ ಅಂತಿದ್ಲು, 'ರೀ, ಆ ಸ್ಫೂರ್ತಿ ನಗೋದ್ನ ನೋಡೋಕಾದ್ರೂ ಬೆಂಗಳೂರಿಗೆ ಹೋಗಾಣ ನಡೀರಿ' ಅಂತ. ಹೂಂ... ಹೋದ್ವಿ. ಇಬ್ರು ಹೋದ್ವಿ, ನಾನೊಬ್ಬ ಬಂದೆ.

ಯಾರ್ನ ಕೇಳ್ಕೊಂಡು ಬಂದೆ ಮನೇನ? ಗೇಜ್ ಈರಭದ್ರಪ್ಪ ಅಂದ್ಯಾ? ಅಂದ್ರೆ ಲಕ್ಕವಳ್ಳೀಲಿ ಕಣ್ಣು ಮುಚ್ಕೊಂಡು ತೋರಿಸ್ತಾರೆ. ಮೂವತ್ನಾಲ್ಕು ವರ್ಷ ಭದ್ರಾ ಡ್ಯಾಮಿನ ನೀರಿನ ಮಟ್ಟ ಓದಿ ಓದಿ ಬರ್ದೋನು ನಾನು. ಆದ್ರೆ ನೀನ್ಯಾರು ಅಂತ ಹೇಳ್ಲಿಲ್ಲ ತಾನೇ? ಹೇಳ್ಬೇಡ. ವಾಪಸ್ ಹೋಗೋವಾಗ ಬಸ್ ಸ್ಟಾಂಡಲ್ಲೂ ಬಾಯಿ ಬಿಡ್ಬೇಡ. ಮಿದುಳಿನ ಫೋಟೋ ತೆಗೆಯೋ ಸಂಸ್ಥೆಯೋಳು ಅಂದ್ರೆ ಈಗ ಈ ಊರಲ್ಲಿ ಒಂದು ಲೋಟ ನೀರೂ ಹುಟ್ಟಲ್ಲ. ಜಯಲಕ್ಷ್ಮಮ್ಮನ ತಲೇನ ಮಷೀನಿಗೆ ಹಾಕಿ ಕೊಂದೋಳು ಅಂತಾರೆ.

ಅಯ್ಯೋ, ಯಾಕಮ್ಮ ಮುಖ ಹಂಗೆ ಮಾಡ್ದೆ? ನಾನಂದಿದ್ದಲ್ಲ. ಜನ ಅಂತಾರೆ ಅಂದೆ ಅಷ್ಟೇ. ಜನದ ಬಾಯಿಗೆ ಗೇಟ್ ಹಾಕೋಕಾಗ್ತದಾ?

ಅರ್ಜಿ ಬರ್ದಿದ್ದೂ ನಾನಲ್ಲ. ನನ್ನ ಬಾಮೈದ, ಅಜ್ಜಂಪುರದ ಬೆನಕಪ್ಪ. 'ಪ್ರಯೋಗಕ್ಕೆ ನಮ್ಮಕ್ಕನ್ನ ಬಲಿ ಕೊಟ್ರು, ತನಿಖೆ ಆಗ್ಬೇಕು' ಅಂತ ನಾಲ್ಕು ಪುಟ ಬರ್ದವ್ನೆ. ಅಕ್ಕ ಅಂದ್ರೆ ಪ್ರಾಣ ಅವನಿಗೆ. ನಾನು ಬರೀ ಸೈನ್ ಹಾಕ್ದೆ... ಹೌದು, ಹಾಕ್ದೆ. ಸೈನ್ ನಂದೇ. ಜಯನ ಶಿವಗಣಾರಾಧನೆ ದಿನ, ಪಂಕ್ತಿ ಕೂತೈತೆ, ಮಠದಿಂದ ಅಯ್ನೋರು ಬಂದಿದಾರೆ, ಇವನು ಬಂದು ಮುಖದ ಮುಂದೆ ಕಾಗದ ಹಿಡ್ದ. ಹಾಕಿ ಭಾವ, ಅಂದ. ನೂರು ಜನದ ಮುಂದೆ ಹಾಕಲ್ಲ ಕಣೋ ಅನ್ನೋಕಾಗ್ತದಾ? ನೀನೇ ಹೇಳು.



ಗೊತ್ತು ಕಣಮ್ಮ, ಎಲ್ಲಾ ಗೊತ್ತು. ನಮ್ಮ ಮಗಳು ಭುವನಾ, ಕಡೂರಲ್ಲಿ ಟೀಚರ್ ಆಗಿದಾಳಲ್ಲ, ಅವಳು ಪೇಪರ್ ಓದಿ ಹೇಳಿದ್ಲು. ನಿನ್ನ ಕೆಲಸ ನಿಲ್ಸಿದಾರೆ. ಪ್ರಾಜೆಕ್ಟೂ ನಿಲ್ಸಿದಾರೆ. ಕಡೂರು, ತರೀಕೆರೆ, ಅಜ್ಜಂಪುರ, ಮೂರು ತಾಲ್ಲೂಕಲ್ಲಿ ಹೆಸರು ಕೊಟ್ಟಿದ್ದ ಮೂರ್ಛೆ ರೋಗದೋರೆಲ್ಲ ಹೆದರ್ಕೊಂಡು ಹೆಸರು ವಾಪಸ್ ತಗೊಂಡವ್ರೆ. ಸೋಮವಾರ ತನಿಖೆ ಕಮಿಟಿ ಮುಂದೆ ನಿನ್ನ ನಿಲ್ಲಿಸ್ತಾರೆ. 'ಆ ಹುಡುಗಿದು ತಪ್ಪಿಲ್ಲ' ಅಂತ ನಾನೊಂದು ಮಾತು ಬರ್ಕೊಟ್ರೆ ನೀನು ಉಳ್ಕೊಳ್ತೀಯ. ಅದಕ್ಕೇ ಬಂದಿದೀಯ. ಅಲ್ವಾ?

ಅಲ್ಲ ಅಂತ ತಲೆ ಆಡಿಸ್ತೀಯ! ಮತ್ತೆ ಇನ್ಯಾಕೆ ಬಂದೆ, ಡ್ಯಾಮ್ ನೋಡೋಕಾ?

ಜಯನ ಮೂರ್ಛೆ ಮಾತ್ರೆ ವಿಚಾರನಾ? ಮಾತ್ರೆ ದಿನಾ ತಗೊಂಡ್ಲಮ್ಮ. ಬೆಳಿಗ್ಗೆ ಎರಡು, ಸಂಜೆ ಎರಡು. ಕೈಯಾರೆ ನಾನೇ ಕೊಡ್ತಿದ್ದೆ. ಒಂದಿನ ತಪ್ಪಿಸ್ದೋನಲ್ಲ.

...ನೀನು ಕೇಳ್ಲೇ ಇಲ್ವಾ? ಹೌದಾ? ಕೇಳ್ದಂಗಾಯ್ತು ನನಗೆ. ಇರ್ಲಿ ಬಿಡು, ನಾನೇ ಹೇಳ್ದೆ. ನಾಳೆ ಯಾರಾದ್ರೂ ಕೇಳಿದ್ರೆ ನಿನಗೂ ಗೊತ್ತಿರ್ಲಿ ಅಂತ.

ಕಾಫಿ ಮಾಡ್ಲಾ? ಬೇಡ್ವಾ... ಮಾಡೋಕೆ ಬರ್ತೈತೆ ಕಣಮ್ಮ ನನಗೆ. ಕಡೇ ಮೂರ್ನಾಲ್ಕು ವರ್ಷ ಅಡುಗೆ ಎಲ್ಲಾ ನಂದೇ. ಅವಳಿಗೆ ಮರೆವು. ಸಾರಿಗೆ ಎರಡೆರಡು ಸಲ ಉಪ್ಪು ಹಾಕೋಳು, ಇಲ್ಲಾ ಹಾಕ್ತಾನೇ ಇರ್ಲಿಲ್ಲ. ಮೂವತ್ತು ವರ್ಷ ಆ ಮಾತ್ರೆ ತಿಂದು ತಿಂದು ಕೈ ನಡುಗೋದು, ಕೂದಲು ಉದುರೋದು, ಅದೆಲ್ಲ ಸಹಿಸ್ಕೊಂಡ್ಲು. ಮರೆವನ್ನ ಮಾತ್ರ ಸಹಿಸ್ಕೊಳ್ಲಿಲ್ಲ. ಮದುವೆಯಾಗಿ ಬಂದ ಹೊಸದ್ರಲ್ಲಿ ಡ್ಯಾಮ್ ಕ್ವಾರ್ಟರ್ಸಲ್ಲಿ ಇವಳ ಬಾಗಿಲು ನೋಡೋಕೆ ಹೆಂಗಸ್ರು ಸಾಲು ನಿಲ್ಲೋರು. ಇಪ್ಪತ್ತೊಂದು ಚುಕ್ಕಿ ರಂಗೋಲಿ! ಕಾಗದ ಇಲ್ಲ, ಪುಸ್ತಕ ಇಲ್ಲ, ತಲೇಲೇ ಇತ್ತು ಎಲ್ಲಾ. ಆಮೇಲಾಮೇಲೆ ಹನ್ನೊಂದು ಚುಕ್ಕಿ ಆಯ್ತು, ಏಳಾಯ್ತು... ಹೋದ ಯುಗಾದಿಗೆ ಹೊಸಿಲ ಮುಂದೆ ಕೂತು, ಮುಷ್ಟೀಲಿ ರಂಗೋಲಿ ಪುಡಿ ಹಿಡ್ಕೊಂಡು, 'ರೀ, ಐದಾದ್ಮೇಲೆ ಎಷ್ಟಿಡ್ಬೇಕ್ರೀ?' ಅಂತ ಗೊಳೋ ಅಂತ ಅತ್ಲು ಕಣಮ್ಮ. ಡಾಕ್ಟ್ರಿಗೆ ಹೇಳಿದ್ರೆ, 'ಮಾತ್ರೆ ಕಮ್ಮಿ ಮಾಡೋಕಾಗಲ್ಲ, ಫಿಟ್ಸ್ ಬಂದ್ರೆ ಪ್ರಾಣಕ್ಕೇ ಕುತ್ತು' ಅಂತಾರೆ.

ಆಗ ತಾನೇ ನೀನು ಬಂದಿದ್ದು. ತರೀಕೆರೆ ಕ್ಯಾಂಪಿಗೆ.

ನೆನಪೈತಾ, ಅವತ್ತು ಅರ್ಧ ಗಂಟೆ ಕೂತು ಹೇಳ್ದೆ ನನಗೆ. ಮಾಮೂಲಿ ಎಂಆರ್‌ಐ ಅಂದ್ರೆ ಮಿದುಳಿನ ಆಕಾರ ಅಷ್ಟೇ, ನಿಮ್ಮ ಮಷೀನಲ್ಲಿ ಮಿದುಳೊಳಗಿನ ರಸಾಯನ ಎಲ್ಲೆಲ್ಲಿ ಎಷ್ಟೆಷ್ಟೈತೆ ಅಂತ ನಕ್ಷೆನೇ ಬರ್ತೈತೆ ಅಂತ. ಗ್ಲುಟಮೇಟ್ ಅಂತ ಒಂದು, ಗಾಬಾ ಅಂತ ಒಂದು. ಒಂದು ಕೆರಳಿಸೋದು, ಒಂದು ತಣ್ಣಗೆ ಮಾಡೋದು, ಎರಡೂ ಹದ ತಪ್ಪಿದ್ರೆ ಮೂರ್ಛೆ. ನಾನು ಬೆಪ್ಪನಂಗೆ ನೋಡ್ತಾ ಕೂತಿದ್ದೆ. 'ಅಂಕಲ್, ಏನು ಕೆಲಸದಲ್ಲಿದ್ರಿ?' ಅಂದೆ ನೀನು. ಹೇಳ್ದೆ. ತಕ್ಷಣ ನಿನ್ನ ಮುಖ ಅರಳ್ತು. 'ಹಾಗಾದ್ರೆ ಸುಲಭ ಅಂಕಲ್! ನೀವು ಡ್ಯಾಮಲ್ಲಿ ಮಾಡ್ತಿದ್ದಿದ್ದನ್ನೇ ನಾವು ತಲೆಯೊಳಗೆ ಮಾಡ್ತೀವಿ. ಮಟ್ಟ ಓದೋದು' ಅಂದೆ. ಆಹಾ! ಎಷ್ಟು ಚೆನ್ನಾಗಿ ಹೇಳಿದ್ಲಲ್ಲ ಹುಡುಗಿ ಅನ್ನಿಸ್ತು. ನನ್ನ ಕೆಲಸಕ್ಕೆ ಅಷ್ಟು ಮರ್ಯಾದೆ ಯಾರೂ ಕೊಟ್ಟಿರ್ಲಿಲ್ಲ.

ಏ, ಯಾಕೆ ಕಣ್ಣು ತುಂಬ್ಕೊಳ್ತೀಯ? ನಿನ್ನ ಮಾತಲ್ಲಿ ತಪ್ಪಿರ್ಲಿಲ್ಲ ಕಣಮ್ಮ. 'ಮುಂದೆ ಒಂದಿನ ಇದ್ರಿಂದ ಒಬ್ಬೊಬ್ಬರಿಗೆ ಎಷ್ಟು ಮಾತ್ರೆ ಬೇಕೋ ಅಷ್ಟೇ ಕೊಡಬಹುದು' ಅಂದೆ ನೀನು. ಮುಂದೆ ಒಂದಿನ ಅಂದೆ. ನನ್ನ ಕಿವಿಗೆ ಬಿದ್ದಿದ್ದು ಬೇರೆ. ಜಯನ ಮಟ್ಟ ಒಂದು ಸಲ ಸರಿಯಾಗಿ ಓದ್ಬಿಟ್ರೆ, ಮಾತ್ರೆ ಇಳಿಸಬಹುದು, ಮರೆವು ಹೋಗ್ತದೆ ಅಂತ ಲೆಕ್ಕ ಹಾಕ್ಬಿಟ್ಟೆ. ಸರಿಯಾಗಿ ಓದ್ಬೇಕು ಅಷ್ಟೇ. ಸರಿಯಾಗಿ!

ಮಟ್ಟ ಓದೋದು ಅಂದ್ರೆ ಹುಡುಗಾಟ ಅಂದ್ಕೊಂಡಿದಾರೆ ಜನ. ಗಾಳಿ ಇದ್ರೆ ಅಲೆ ಬಂದು ಗೇಜಿನ ಮೇಲೆ ಅರ್ಧ ಅಡಿ ಹತ್ತಿ ಇಳೀತೈತೆ, ಯಾವ ಗೆರೆ ಅಂತ ಬರೀತೀಯ? ನಾಲೆ ಗೇಟ್ ತೆಗೆದಿದ್ರೆ ಎಳೆತ ಬೇರೆ. ನಮ್ಮ ಇಂಜಿನಿಯರ್ ಶಿವಮೂರ್ತಪ್ಪ ಅಂತ ಇದ್ರು, ಬೆಳಿಗ್ಗೆ ಎಂಟು ಅಂದ್ರೆ ಎಂಟಕ್ಕೆ ರೀಡಿಂಗ್ ಬೇಕು ಅವರಿಗೆ. ಫೋನ್ ಮೇಲೆ ಫೋನ್. ನಾನು ಕೊಡ್ತಿರ್ಲಿಲ್ಲ. ನೀರು ಸುಮ್ಮನಾಗ್ಲಿ ಸ್ವಾಮಿ ಅಂತಿದ್ದೆ. ಎಂಟೂ ಇಪ್ಪತ್ತಾಗ್ಲಿ, ಎಂಟೂವರೆಯಾಗ್ಲಿ, ನೀರು ನಿಂತ ಮೇಲೇ ನನ್ನ ಪೆನ್ನು. ಒಂದು ವರ್ಷ ಭರ್ತಿ ನೀರು, ನೂರಾ ಎಂಬತ್ತಾರು ಅಡಿ ಮುಟ್ಟೇಬಿಟ್ಟಿದೆ ಅಂತ ಆಫೀಸಿನೋರು ಕೆಳಗಿನ ಹಳ್ಳಿಗೆಲ್ಲ ಡಂಗುರ ಸಾರ್ಸೋಕೆ ಹೊರಟಿದ್ರು. ನಾನೊಬ್ಬನೇ, ಇಲ್ಲ, ಅದು ಅಲೆ, ಇನ್ನೂ ಒಂದಡಿ ಐತೆ ಅಂದೆ. ನಾನಂದಿದ್ದೇ ಸರಿಯಾಯ್ತು. ಶಿವಮೂರ್ತಪ್ಪ ಬೆನ್ನು ತಟ್ಟಿ, 'ನೀನು ಹೇಳಿದ್ಮೇಲೆ ಮುಗೀತು ಕಣಯ್ಯ' ಅಂದ್ರು. ಆ ಮಾತು ತಲೆಗೇರಿತ್ತು ನನಗೆ. ಆಫೀಸಿನೋರು ಕಾಗದದಲ್ಲಿ ಏನಾರ ಬರ್ಕೊಂಡಿರ್ಲಿ, ನನಗೇ ಗೊತ್ತಿರೋದು ಅಂತ.

ನೀನೂ ಒಂದು ಕಾಗದ ಕೊಟ್ಟಿದ್ದೆ, ಅಲ್ವಾ. 'ಮಾತ್ರೆ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಎಂದಿನಂತೆ ತೆಗೆದುಕೊಳ್ಳಿ.' ಎರಡು ಸಲ ಓದಿ ಹೇಳ್ದೆ. ಬೆರಳಿಟ್ಟು ತೋರಿಸ್ದೆ.

ಯಾಕೆ ಹಂಗೆ ನೋಡ್ತೀಯ? ನಿಲ್ಲಿಸ್ಲಿಲ್ಲ ಅಂದ್ನಲ್ಲ! ದಿನಾ ತಗೊಂಡ್ಲು ಅಂದ್ನಲ್ಲ ಆಗ್ಲೇ!

...ಜೋರಾಗಿ ಮಾತಾಡ್ಬಿಟ್ಟೆ. ಬೇಜಾರು ಮಾಡ್ಕೋಬೇಡ ತಾಯಿ.

ಅವತ್ತು ಬೆಳಿಗ್ಗೆ ನಿಮ್ಮಲ್ಲಿಗೆ ಬಂದಾಗ ಎಷ್ಟು ಖುಷಿಯಾಗಿದ್ಲು ಗೊತ್ತಾ ಅವಳು. ಬರೀ ಒಂದು ವಿಚಾರಕ್ಕೆ ಮುಖ ಸಣ್ಣಗಾಯ್ತು. ಕಬ್ಬಿಣ, ಚಿನ್ನ ಏನೂ ಮೈಮೇಲೆ ಇರಬಾರದು, ತಾಳಿ ಬಿಚ್ಚಿ ಅಂದ್ರಲ್ಲ, ಆಗ. ನಲವತ್ತು ವರ್ಷದಿಂದ ಕತ್ತಿಂದ ಇಳಿದಿರ್ಲಿಲ್ಲ ಅದು. ನೀನೇ ತಾನೇ ಎಲ್ಲಿಂದಲೋ ಅರಿಶಿನದ ಕೊಂಬು ತಂದು ದಾರಕ್ಕೆ ಕಟ್ಟಿ ಕೊಟ್ಟಿದ್ದು? ಮೊದಲೇ ತಂದಿಟ್ಟಿದ್ಯಾ? ನಮ್ಮ ಕಡೆ ಹೆಂಗಸ್ರು ಬರ್ತಾರೆ, ತಾಳಿ ತೆಗೆಯೋಕೆ ಒಪ್ಪಲ್ಲ ಅಂತ... ನೋಡು, ಎಷ್ಟು ಯೋಚನೆ ಮಾಡಿದೀಯ ನೀನು. ರಕ್ತ ತಗೊಳ್ಳೋವಾಗ್ಲೂ ನೋವಾಗ್ದಂಗೆ ಕೈ ಹಿಡಿದಿದ್ದೆ. ಆ ಕೊಳವೆಯೊಳಗೆ ಮಲಗಿಸ್ದಾಗ, ಡಬ ಡಬ ಅಂತ ಅದು ಬಡ್ಕೊಳ್ಳೋವಾಗ, ಇಡೀ ಐವತ್ತು ನಿಮಿಷ ಅವಳ ಪಾದ ಹಿಡ್ಕೊಂಡು ಒಳಗೇ ನಿಂತಿದ್ದೆ. ನಾನು ಗಾಜಿನಿಂದ ನೋಡ್ದೆ. ಹೆತ್ತ ಮಗಳು ಅಷ್ಟು ಮಾಡಲ್ಲ.

ಆಮೇಲೆ ಕಂಪ್ಯೂಟರಲ್ಲಿ ತೋರಿಸ್ದೆ. ನೀಲಿ, ಹಸಿರು, ಅಲ್ಲೊಂದು ಕಡೆ ಕೆಂಪು. ಜಯ ಬಾಯಿ ಮೇಲೆ ಕೈ ಇಟ್ಕೊಂಡು, 'ಅಯ್ಯೋ ಶಿವನೇ, ನನ್ನ ತಲೆಯೊಳಗೆ ಇಷ್ಟೆಲ್ಲಾ ಬಣ್ಣ ಐತಾ!' ಅಂದ್ಲು. ನೀನು ನಕ್ಕೆ. ಅವಳೂ ನಕ್ಲು. ಆ ಕೆಂಪು ನೋಡಿ ನಿನಗೆ ಏನೋ ಅನುಮಾನ ಬಂತು ಅಂತ ಕಾಣ್ತೈತೆ. 'ಅಂಕಲ್, ಮಾತ್ರೆ ಸರಿಯಾಗಿ ಕೊಡ್ತಿದೀರಾ?' ಅಂದೆ. ಕೊಡ್ತಿದೀನಿ ಅಂದೆ ನಾನು.

ಮಧ್ಯಾಹ್ನದ ರೈಲು ಹತ್ತಿದ್ವಿ. ಕಡೂರು ಬಿಟ್ಟು ಐದು ನಿಮಿಷ ಆಗಿರ್ಬಹುದು, ಹೊತ್ತು ಮುಳುಗ್ತಿತ್ತು. ಕಿಟಕಿ ಪಕ್ಕ ಕೂತಿದ್ಲು. ಕೈಯಲ್ಲಿದ್ದ ಕಿತ್ತಳೆ ಹಣ್ಣು ಕೆಳಗೆ ಬಿತ್ತು, ಎತ್ತಿಕೊಡಾಣ ಅಂತ ಬಗ್ಗಿದೆ, ತಲೆ ಎತ್ತೋದ್ರೊಳಗೆ... ಕಣ್ಣು ಮೇಲೆ ಹೋಗಿತ್ತು. ಹನ್ನೆರಡು ವರ್ಷದಿಂದ ಬಂದಿರ್ಲಿಲ್ಲಮ್ಮ ಅದು! ಬೋಗೀಲಿದ್ದೋರೆಲ್ಲ ಓಡಿಬಂದ್ರು. ಒಬ್ಬ ಬೀಗದ ಕೈ ಗೊಂಚಲು ತಂದು ಅವಳ ಮುಷ್ಟಿಗೆ ತುರುಕ್ದ, ಇನ್ನೊಬ್ಬಳು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದ್ಲು. ನಿಲ್ತು ಅನ್ನೋದು, ಮತ್ತೆ ಶುರು. ನಿಲ್ತು ಅನ್ನೋದು, ಮತ್ತೆ ಶುರು. ಬೀರೂರಲ್ಲಿ ಇಳಿಸ್ಕೊಂಡ್ವಿ. ಆಸ್ಪತ್ರೇಲಿ ಡಾಕ್ಟ್ರು ಪಾಪ ಏನೇನೋ ಸೂಜಿ ಹಾಕಿದ್ರು, ಎದೆ ಒತ್ತಿದ್ರು. ಕೈ ಮೀರಿತ್ತು. ಶಿವನ ಪಾದ ಸೇರ್ಕೊಂಡ್ಬಿಟ್ಲು.

ಬೆನಕಪ್ಪಂಗೆ ಫೋನ್ ಮಾಡ್ದೆ. ಏನಾಯ್ತು ಭಾವ, ಹೆಂಗಾಯ್ತು ಅಂತ ಕಿರಿಚ್ತಾನೆ. ನನ್ನ ಬಾಯಲ್ಲಿ ಬಂದಿದ್ದು ಒಂದೇ ಮಾತು. 'ಬೆಳಿಗ್ಗೆ ತಲೇನ ಮಷೀನಿಗೆ ಹಾಕಿದ್ರು ಕಣೋ.' ಅಷ್ಟೇ. ಸುಳ್ಳೇನಲ್ವಲ್ಲ ಅದು? ಹಾಕಿದ್ರಲ್ಲ? ಅವನು ಅದನ್ನೇ ಹಿಡ್ಕೊಂಡ. ಮಣ್ಣಿಗೆ ಬಂದೋರೆಲ್ಲ ಅದನ್ನೇ ಹಿಡ್ಕೊಂಡ್ರು. ನಾನು ಹೌದು ಅನ್ಲಿಲ್ಲ, ಅಲ್ಲ ಅನ್ಲಿಲ್ಲ.

ಇರ್ಬಹುದಲ್ವಾ ಸ್ಫೂರ್ತಿ? ಅಷ್ಟು ದೊಡ್ಡ ಅಯಸ್ಕಾಂತ... ಆ ಬಡಿತ, ಆ ಸದ್ದು... ಅದರಿಂದ ಏನಾರ ಆಗಿರಬಹುದಲ್ವಾ? ಒಂದೇ ಒಂದು ಚೂರು? ನೂರರಲ್ಲಿ ಒಂದು?

ಹೇಳು. ಇಲ್ಲ ಅನ್ನು, ಹೌದು ಅನ್ನು, ಏನಾರ ಅನ್ನು. ಬೈಯಿ ಬೇಕಾದ್ರೆ!

ಏನದು? ಬ್ಯಾಗಿಂದ ಏನು ತೆಗೀತಿದೀಯ? ನನಗಾ? ಕೊಡು ಇಲ್ಲಿ. ಕನ್ನಡಕ... ಇಲ್ಲೇ ಐತೆ ತಲೆ ಮೇಲೆ. ಜಯಲಕ್ಷ್ಮಮ್ಮ, ಅರವತ್ತೊಂದು ವರ್ಷ... ಅವತ್ತಿನ ತಾರೀಖು... ಇದು ಅವತ್ತಿನ ರಕ್ತದ್ದಾ? ಇದೇನು, ಮಾತ್ರೆ ಹೆಸರು ಅಲ್ವಾ ಇದು? ಪಕ್ಕದಲ್ಲಿ ಐವತ್ತರಿಂದ ನೂರು ಇರಬೇಕು ಅಂತ ಬರ್ದೈತೆ. ಈ ಕಾಲಮ್ಮಿನಲ್ಲಿ...

ಸೊನ್ನೆ.

ಇಂಗ್ಲಿಷ್ ಸರಿಯಾಗಿ ಬರ್ದೇ ಇದ್ರೂ ಅಂಕಿ ಓದೋಕೆ ಬರ್ತೈತೆ ನನಗೆ. ಸೊನ್ನೆ ಐತೆ.

ಯಾವಾಗ ಬಂತು ಇದು? ಆಗ್ಲೇ ಇಪ್ಪತ್ತು ದಿನ ಆಯ್ತಲ್ಲ! ಇಪ್ಪತ್ತು ದಿನದಿಂದ ಗೊತ್ತು ನಿನಗೆ. ಪೇಪರಿನೋರು ಕೊಲೆಗಾರ್ತಿ ಅನ್ನೋ ಹಂಗೆ ಬರೀತಿದ್ರೆ ಇದನ್ನ ಬ್ಯಾಗಲ್ಲಿಟ್ಕೊಂಡು ಸುಮ್ಮನಿದ್ಯಾ? ಸೋಮವಾರ ಇದನ್ನ ಕಮಿಟಿ ಮುಂದೆ ಇಟ್ರೆ ಸಾಕು, ನಿನ್ನ ಕೂದಲೂ ಕೊಂಕಲ್ಲ. ಮತ್ತೆ ಇಷ್ಟು ದೂರ ಯಾಕೆ ಬಂದೆ? ಬಸ್ಸಲ್ಲಿ ಕುಲುಕಾಡ್ಕೊಂಡು, ಬೈಗುಳ ತಿನ್ನೋಕೆ...

ನಾನೇ ಹೇಳ್ಲಿ ಅಂತಾನಾ? ಕಾಗದ ಹೇಳೋಕೆ ಮುಂಚೆ... ಭುವನಾಗೆ, ಬೆನಕಪ್ಪಂಗೆ ಬೇರೆಯೋರಿಂದ ಗೊತ್ತಾಗೋಕೆ ಮುಂಚೆ, ನನ್ನ ಬಾಯಲ್ಲೇ ಬರ್ಲಿ ಅಂತಾನಾ?

ಅಯ್ಯೋ ನನ್ನ ತಾಯೀ. ಇವಾಗ್ಲೂ ಏನೂ ಕೇಳ್ತಿಲ್ವಲ್ಲ ನೀನು.

ಎಂಟು ದಿನ. ಎಂಟು ದಿನ ಕೊಡ್ಲಿಲ್ಲ ಕಣಮ್ಮ. ಮಾತ್ರೆ ರಕ್ತದಲ್ಲಿದ್ರೆ ಅದು ಅಲೆ ಇದ್ದಂಗೆ, ನಿಜವಾದ ಮಟ್ಟ ಹೆಂಗೆ ಕಾಣ್ತದೆ ಅಂದ್ಕೊಂಡೆ. ಸಕ್ಕರೆ ಟೆಸ್ಟಿಗೆ ಖಾಲಿ ಹೊಟ್ಟೇಲಿ ಬಾ ಅನ್ನಲ್ವಾ, ಹಂಗೇ ಇದೂ. ಇವರು ಹುಡುಗ್ರು, ಇವರಿಗೆ ಗೊತ್ತಾಗಲ್ಲ, ಕಾಗದದಲ್ಲಿ ಎಲ್ಲರಿಗೂ ಒಂದೇ ಬರ್ದಿರ್ತಾರೆ. ಎಂಟು ದಿನ ನಿಲ್ಲಿಸಿದ್ರೆ ನೀರು ನಿಲ್ತದೆ, ಒಂದು ಸಲ ಸರಿಯಾದ ರೀಡಿಂಗ್ ಸಿಕ್ಬಿಟ್ರೆ ಸಾಕು, ನನ್ನ ಜಯ ಮತ್ತೆ ಇಪ್ಪತ್ತೊಂದು ಚುಕ್ಕಿ ಇಡ್ತಾಳೆ... ದಿನಾ ನೋಡ್ತಿದ್ದೆ ಅವಳನ್ನ. ಏನೂ ಆಗ್ಲಿಲ್ಲ. ಮುಖದಲ್ಲಿ ಒಂಥರಾ ಕಳೆ ಬಂದಿತ್ತು. ಕೈ ನಡುಗೋದೂ ಕಮ್ಮಿ ಆಗಿತ್ತು. ನೋಡ್ದಾ, ನನ್ನ ಲೆಕ್ಕ ಎಷ್ಟು ಸರಿ ಅಂದ್ಕೊಂಡೆ. ಬೆಂಗಳೂರಿಗೆ ಮಾತ್ರೆ ಡಬ್ಬಿ ತಗೊಂಡೇ ಬರ್ಲಿಲ್ಲ. ಮನೆಗೆ ಬಂದ ತಕ್ಷಣ ಕೊಟ್ರಾಯ್ತು ಅಂತ. ಇಲ್ಲೇ ಇತ್ತು, ಆ ಗೂಡಲ್ಲಿ. ನಾನೇ ಕೊಂದೆ ಕಣಮ್ಮ. ಯಾವ ಮಷೀನೂ ಅಲ್ಲ, ನೀನೂ ಅಲ್ಲ. ಕೈಹಿಡಿದ ಗಂಡ, ನಾನು.

ಅಳ್ಬೇಡ. ನೀನ್ಯಾಕೆ ಅಳ್ತೀಯ? ಪೆನ್ ತೆಗಿ. ಬರ್ಕೋ. ನಾನು ಹೇಳ್ತಾ ಹೋಗ್ತೀನಿ, ನೀನು ಬರಿ, ಕೆಳಗೆ ಸೈನ್ ಹಾಕ್ತೀನಿ. ಭುವನಾಗೆ ಇವತ್ತೇ ನಾನೇ ಹೋಗಿ ಹೇಳ್ತೀನಿ. ಅವಳು ಇನ್ಮೇಲೆ ನನ್ನ ಅಪ್ಪ ಅಂತಾಳೋ ಇಲ್ವೋ, ಅದು ಅವಳಿಗೆ ಬಿಟ್ಟಿದ್ದು.

ಏನಂದೆ? ಜಯಂಗೆ ಗೊತ್ತಿತ್ತಾ ಅಂತಾನಾ? ಕಡೆಗೂ ಬಾಯಿ ಬಿಟ್ಟೆ, ಇದನ್ನೇ ಕೇಳ್ದೆ.

ಗೊತ್ತಿರ್ಲಿಲ್ಲ. ಮರೆವಿನೋಳಲ್ವಾ... ದಿನಾ ಕೇಳೋಳು, ರೀ, ಮಾತ್ರೆ ತಗೊಂಡ್ನಾ ಅಂತ. ತಗೊಂಡೆ ಕಣೇ, ಈಗ ತಾನೇ ನುಂಗ್ದೆ ಅಂತಿದ್ದೆ. ನಂಬೋಳು. 'ನನ್ನ ತಲೆ ನೋಡಿ' ಅಂತ ತಾನೇ ಹಣೆ ಚಚ್ಕೊಳ್ಳೋಳು. ಅವತ್ತೂ ರೈಲಲ್ಲಿ, ಕಡೂರಲ್ಲಿ ಗಾಡಿ ನಿಂತಿತ್ತು, ಕಿತ್ತಳೆ ಸುಲೀತಾ ಕೇಳಿದ್ಲು. 'ರೀ, ಬೆಳಿಗ್ಗೆ ಮಾತ್ರೆ ತಗೊಂಡ್ನಾ ನಾನು? ಯಾಕೋ ತಲೆ ಒಂಥರಾ ಆಗ್ತೈತೆ.' ತಗೊಂಡಿದೀಯ ಕಣೇ, ನಾನೇ ಕೊಟ್ನಲ್ಲ ಅಂದೆ. ನನ್ನ ಕೈ ಮೇಲೆ ಕೈ ಇಟ್ಲು.

'ಸರಿ ಬಿಡಿ, ನೀವಿದೀರಲ್ಲ' ಅಂದ್ಲು ಕಣಮ್ಮ.